ಹಲ್ಲೊ, ಕಣ್ಣೊ?

ರಾತ್ರಿ ಎರಡೂವರೆ ದಾಟಿದೆ. ಅಮೆರಿಕದ ಟೆನ್ನೆಸಿ ರಾಜ್ಯದ ನಾಕ್ಸ್‌ವಿಲ್ ಊರು, ಚಳಿಗಾಲ. ಚಿಲ್ಹೋವಿ ಪಾರ್ಕಿನಲ್ಲಿ ಕಾರು ನಿಲ್ಲಿಸುವ ಬಯಲಿನ ನಡುವೆ ನೀವು ನಿಂತಿದ್ದೀರಿ. ಟಾರಿನ ತಣುಪು ಶೂ ದಾಟಿ ಪಾದಕ್ಕೆ ಹತ್ತುತ್ತಿದೆ. ಸುತ್ತಲೂ ಸಾಲು ಸಾಲು ಕಾರು, ಪಿಕಪ್ ಟ್ರಕ್ಕು, ಒಳಗೆ ಮುದುಡಿ ಮಲಗಿದ ಜನ. ಆಗಾಗ ಯಾವುದೋ ಒಂದು ಎಂಜಿನ್ ಶುರುವಾಗುತ್ತದೆ, ಒಳಗೆ ಒಂದಿಷ್ಟು ಬೆಚ್ಚಗಾದ ಮೇಲೆ ಆಫ್ ಆಗುತ್ತದೆ. ಇರುವ ಪೆಟ್ರೋಲಿನಲ್ಲಿ ರಾತ್ರಿ ಕಳೆಯಬೇಕು, ವಾಪಸ್ ಊರಿಗೂ ಹೋಗಬೇಕು. ನಂಬರ್ ಪ್ಲೇಟು ಓದುತ್ತ ನಡೆಯಿರಿ: ಟೆನ್ನೆಸಿ, ಟೆನ್ನೆಸಿ, ಕೆಂಟಕಿ, ವರ್ಜೀನಿಯಾ, ಮತ್ತೆ ಟೆನ್ನೆಸಿ.

ಒಂದು ಹಳೇ ಟ್ರಕ್ಕಿನ ಹತ್ತಿರ ನಿಮ್ಮ ಕಾಲು ನಿಲ್ಲುತ್ತದೆ. ಡ್ರೈವರ್ ಸೀಟಿನಲ್ಲಿ ಕೂತಿರುವಾತನಿಗೆ ಐವತ್ತರ ಮೇಲಿನ ವಯಸ್ಸು. ಎಡಗೆನ್ನೆಯನ್ನು ಕಿಟಕಿಯ ಗಾಜಿಗೆ ಒತ್ತಿಹಿಡಿದು ಕೂತಿದ್ದಾನೆ. ಕಣ್ಣು ತೆರೆದೇ ಇವೆ. ಗಾಜು ತಣ್ಣಗಿದೆ, ಆ ತಣುಪಿಗೆ ಹಲ್ಲುನೋವು ಸ್ವಲ್ಪ ಮಂಕಾಗುತ್ತದೆ. ಹೀಟರ್ ಹಾಕಿದರೆ ಮೈಗೆ ಹಿತ, ಗಾಜು ಬಿಸಿಯಾಗಿ ಹಲ್ಲಿಗೆ ಹಿಂಸೆ. ಅದಕ್ಕೇ ಅವನ ಟ್ರಕ್ಕಿನ ಎಂಜಿನ್ ಒಮ್ಮೆಯೂ ಶುರುವಾಗಿಲ್ಲ.

ದೂರದಿಂದ ಟಾರ್ಚಿನ ಬೆಳಕು ಬರುತ್ತಿದೆ. ಕಾರಿಂದ ಕಾರಿಗೆ ಹೋಗಿ ಒಬ್ಬ ಸ್ವಯಂಸೇವಕ ಚೀಟಿ ಹಂಚುತ್ತಿದ್ದಾನೆ. ಚೀಟಿಯಲ್ಲಿ ಬರೀ ಒಂದು ಸಂಖ್ಯೆ. ಮೊದಲು ಬಂದವರಿಗೆ ಮೊದಲ ಸಂಖ್ಯೆ, ಅದಕ್ಕೇ ಜನ ನಡುರಾತ್ರಿಯಿಂದ ಕಾಯುತ್ತಿರುವುದು. ಗಾಜು ಇಳಿಸಿ ಚೀಟಿ ತೆಗೆದುಕೊಂಡ ಈತ ಅದನ್ನು ಅಂಗಿಯ ಒಳಜೇಬಿಗೆ ಸೇರಿಸಿ ಗುಂಡಿ ಹಾಕಿಕೊಳ್ಳುತ್ತಾನೆ.

ಸೆಪ್ಟೆಂಬರಿನಲ್ಲಿ ಬಂದಿದ್ದರೆ ಇದೇ ಮೈದಾನದಲ್ಲಿ ಟೆನ್ನೆಸಿ ಕಣಿವೆಯ ಜಾತ್ರೆ ನೋಡುತ್ತಿದ್ದಿರಿ. ಈಗ ಇಲ್ಲಿ ಜೇಕಬ್ ಬಿಲ್ಡಿಂಗ್ ಎಂಬ ಪ್ರದರ್ಶನ ಸಭಾಂಗಣ ಎರಡು ದಿನದ ಮಟ್ಟಿಗೆ ಆಸ್ಪತ್ರೆಯಾಗಿದೆ. ಇದನ್ನು ನಡೆಸುವ ಸಂಸ್ಥೆಯ ಹೆಸರು ರಿಮೋಟ್ ಏರಿಯಾ ಮೆಡಿಕಲ್. ಎಲ್ಲರ ಬಾಯಲ್ಲಿ ರ‍್ಯಾಮ್. ದುರ್ಗಮ ಪ್ರದೇಶಗಳಿಗಾಗಿ ಹುಟ್ಟಿದ ಸಂಸ್ಥೆ ನಾಕ್ಸ್‌ವಿಲ್‌ನಂಥ ಪಟ್ಟಣದ ನಡುವೆ ಏನು ಮಾಡುತ್ತಿದೆ ಎಂದು ನೀವು ಕೇಳಬೇಕು. ಕೇಳಲೇಬೇಕಾದ ಪ್ರಶ್ನೆ ಅದು.

ಈ ಸಂಸ್ಥೆಯನ್ನು ಕಟ್ಟಿದವರು ಸ್ಟ್ಯಾನ್ ಬ್ರಾಕ್. ಇಂಗ್ಲೆಂಡಿನಲ್ಲಿ ಹುಟ್ಟಿ, ಎಳೆ ವಯಸ್ಸಿನಲ್ಲೇ ದಕ್ಷಿಣ ಅಮೆರಿಕದ ಗಯಾನಾಕ್ಕೆ ಹೋಗಿ, ಅಲ್ಲಿ ದೊಡ್ಡದೊಂದು ದನದ ರಾಂಚಿನಲ್ಲಿ ಕುದುರೆ ಮೇಲೆ ಕೂತು ದನ ಕಾಯ್ದವರು. ಒಮ್ಮೆ ಕುದುರೆಯ ದೆಸೆಯಿಂದ ಮೈಗೆ ಬಲವಾದ ಪೆಟ್ಟಾಯಿತು. ಡಾಕ್ಟರು ಎಲ್ಲಿದ್ದಾರೆ ಎಂದರೆ, ಇಲ್ಲಿಂದ 26 ದಿನದ ಕಾಲುನಡಿಗೆ ಎಂಬ ಉತ್ತರ ಬಂತು. ಆ 26 ದಿನ ಅವರ ತಲೆಯಿಂದ ಹೋಗಲೇ ಇಲ್ಲ. ಮುಂದೆ ಅಮೆರಿಕದ ಟಿವಿಯಲ್ಲಿ ಕಾಡುಪ್ರಾಣಿಗಳ ಕಾರ್ಯಕ್ರಮ ನಡೆಸಿ ಹೆಸರಾದರು. 1985ರಲ್ಲಿ, ಡಾಕ್ಟರೇ ಇಲ್ಲದ ದೇಶ, ಕಾಡುಗಳಿಗೆ ಡಾಕ್ಟರನ್ನು ಒಯ್ಯಲೆಂದು ರ‍್ಯಾಮ್ ಕಟ್ಟಿದರು. 1992ರಲ್ಲಿ ಇದೇ ಟೆನ್ನೆಸಿಯ ಸ್ನೀಡ್‌ವಿಲ್ ಎಂಬ ಬೆಟ್ಟದೂರಿನಿಂದ ಕರೆ ಬಂತು: ನಮ್ಮ ಆಸ್ಪತ್ರೆ ಮುಚ್ಚಿದೆ, ಹಲ್ಲಿನ ಡಾಕ್ಟರು ಊರು ಬಿಟ್ಟಿದ್ದಾರೆ, ನಮ್ಮಲ್ಲಿಗೂ ಬರುತ್ತೀರಾ? ಹಲ್ಲಿನ ಕುರ್ಚಿಯನ್ನು ಪಿಕಪ್ಪಿಗೆ ಏರಿಸಿಕೊಂಡು ಬ್ರಾಕ್ ಹೊರಟರು. ಗಯಾನಾದ ಕಾಡಿಗೆಂದು ಕಟ್ಟಿದ ಸಂಸ್ಥೆಯ ಮುಖ್ಯ ಕೆಲಸ ಬರಬರುತ್ತ ಅಮೆರಿಕದಲ್ಲೇ ಆಗಿಹೋಯಿತು. ಸಂಬಳ ತೆಗೆದುಕೊಳ್ಳದೆ, ಹಳೆಯ ಶಾಲೆಯೊಂದರ ನೆಲದ ಮೇಲೆ ಮಲಗುತ್ತ ಬದುಕಿದ ಈ ಮನುಷ್ಯ 2018ರ ಆಗಸ್ಟಿನಲ್ಲಿ ತೀರಿಕೊಂಡರು. ಶಿಬಿರದ ಬೆಳಿಗ್ಗೆ ಬಾಗಿಲಲ್ಲಿ ನಿಂತು ಸಂಖ್ಯೆ ಕೂಗುವ ಕೆಲಸವನ್ನು ಅವರು ತಾವೇ ಮಾಡುತ್ತಿದ್ದರು.

ಆರು ಗಂಟೆ. ಈಗ ಕೂಗುತ್ತಿರುವುದು ಬೇರೆ ದನಿ. “ಒಂದರಿಂದ ಐವತ್ತು!” ಕಾರಿನ ಬಾಗಿಲುಗಳು ಒಂದರ ಹಿಂದೆ ಒಂದು ತೆರೆದುಕೊಳ್ಳುತ್ತವೆ. ಕಂಬಳಿ ಹೊದ್ದೇ ಇಳಿಯುವವರು, ಊರುಗೋಲಿನವರು, ಆಕ್ಸಿಜನ್ ಸಿಲಿಂಡರ್ ಎಳೆದುಕೊಂಡು ಬರುವ ಮುದುಕ, ರಾತ್ರಿ ಪಾಳಿ ಮುಗಿಸಿ ಕಾರ್ಖಾನೆಯ ಬ್ಯಾಡ್ಜಿನಲ್ಲೇ ಬಂದ ಹುಡುಗಿ. ನಿಮಗೆ ಅವರಲ್ಲಿ ಭಿಕ್ಷುಕರು ಕಾಣುವುದಿಲ್ಲ. ಬಹುಪಾಲು ದುಡಿಯುವ ಜನ. ಮಾತು ಕಡಿಮೆ, ನಕ್ಕರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಬಾಯಿಗೆ ಕೈ ಹೋಗುವುದನ್ನು ಒಮ್ಮೆ ಗಮನಿಸಿದರೆ ಆಮೇಲೆ ಎಲ್ಲ ಕಡೆ ಅದೇ ಕಾಣುತ್ತದೆ.

ಒಳಗೆ ಬೆಳಕು, ಬಿಸಿ ಕಾಫಿಯ ವಾಸನೆ, ಅದರ ಹಿಂದೆಯೇ ಸ್ಪಿರಿಟ್ಟಿನ ವಾಸನೆ. ಮೊದಲ ಮೇಜಿನಲ್ಲಿ ಹೆಸರು, ಹುಟ್ಟಿದ ದಿನ. ಗುರುತಿನ ಚೀಟಿ ಕೇಳುವುದಿಲ್ಲ, ಆದಾಯದ ಕಾಗದ ಕೇಳುವುದಿಲ್ಲ, ಇನ್ಶೂರೆನ್ಸ್ ಇದೆಯೇ ಎಂದು ಅಡ್ಡಗಟ್ಟುವುದಿಲ್ಲ. ಎಷ್ಟೋ ಜನ ಅಭ್ಯಾಸಬಲದಿಂದ ಪರ್ಸಿಗೆ ಕೈ ಹಾಕಿ, ತೋರಿಸಬೇಕಾದ್ದು ಏನೂ ಇಲ್ಲವೆಂದು ತಿಳಿದು ಸುಮ್ಮನೆ ನಿಲ್ಲುತ್ತಾರೆ. ಆಮೇಲೆ ಒಂದೇ ಒಂದು ಪ್ರಶ್ನೆ.

“ಹಲ್ಲೊ, ಕಣ್ಣೊ, ಮ್ಯಾಮ್?”

ಕೇಳಿಸಿಕೊಂಡಾಕೆ ನಲವತ್ತರ ಆಸುಪಾಸಿನವಳು. ಮನೆಮನೆಗೆ ಹೋಗಿ ವೃದ್ಧರನ್ನು ನೋಡಿಕೊಳ್ಳುವ ಕೆಲಸ ಅವಳದು. ಸ್ನಾನ ಮಾಡಿಸುವುದು, ಊಟ, ಹೊತ್ತಿಗೆ ಸರಿಯಾಗಿ ಮಾತ್ರೆ. ಇನ್ನೊಬ್ಬರ ಆರೋಗ್ಯ ಕಾಯುವುದೇ ಜೀವನೋಪಾಯ, ತನಗೆ ಇನ್ಶೂರೆನ್ಸ್ ಇಲ್ಲ. “ಎರಡೂ ಬೇಕಿತ್ತು,” ಎನ್ನುತ್ತಾಳೆ.

“ಇವತ್ತು ಒಂದೇ ಆಗೋದು ಮ್ಯಾಮ್. ಜನ ತುಂಬ ಇದ್ದಾರೆ, ಹೊತ್ತು ಸಾಲೋದಿಲ್ಲ. ಡಾಕ್ಟರ ತಪಾಸಣೆ ಬೇಕಿದ್ರೆ ಅದು ಜೊತೆಗೆ ಆಗುತ್ತೆ. ಹಲ್ಲು, ಕಣ್ಣು ಎರಡರಲ್ಲಿ ಮಾತ್ರ ಒಂದು.”

ಅವಳು ಯೋಚಿಸುವುದನ್ನು ನೋಡುತ್ತ ನಿಲ್ಲುವುದು ಕಷ್ಟ. ಕೆಳದವಡೆಯಲ್ಲಿ ಎರಡು ಹಲ್ಲು ಹುಳುಕಾಗಿವೆ. ಬಲಗಡೆ ಅಗಿಯದೆ ಎಷ್ಟೋ ತಿಂಗಳಾಗಿದೆ. ಆದರೆ ಮಾತ್ರೆ ಶೀಶೆಯ ಮೇಲಿನ ಸಣ್ಣಕ್ಷರ ಈಗ ಓದಲಾಗುತ್ತಿಲ್ಲ. ತಾನು ನೋಡಿಕೊಳ್ಳುವ ಅಜ್ಜಿಗೆ ಬೆಳಗಿನ ಮಾತ್ರೆ ರಾತ್ರಿ ಕೊಟ್ಟುಬಿಟ್ಟರೆ? ಶೀಶೆಗಳ ಮುಚ್ಚಳಕ್ಕೆ ಬಣ್ಣದ ಟೇಪು ಅಂಟಿಸಿ ಇಷ್ಟು ದಿನ ನಿಭಾಯಿಸಿದ್ದಾಳೆ. ಹಿಂದಿನ ಸಾಲು ಕಾಯುತ್ತಿದೆ. “ಕಣ್ಣು,” ಎನ್ನುತ್ತಾಳೆ. ಕೊರಳಿಗೆ ಹಾಕಿಕೊಳ್ಳಲು ಕಾರ್ಡು ಕೊಡುತ್ತಾರೆ. ಎರಡು ಹೆಜ್ಜೆ ಹೋಗಿ ಹಲ್ಲಿನ ಸಾಲಿನತ್ತ ಒಮ್ಮೆ ತಿರುಗಿ ನೋಡುತ್ತಾಳೆ.

ಹಲ್ಲು, ಕಣ್ಣು ಎರಡೇ ಏಕೆ ಹೀಗೆ ಎದುರುಬದುರಾದವು? ಅಮೆರಿಕದಲ್ಲಿ ಹಲ್ಲು ಮತ್ತು ಕನ್ನಡಕವನ್ನು ವೈದ್ಯಕೀಯದಿಂದ ಹೊರಗಿಟ್ಟು ಲೆಕ್ಕ ಹಾಕುತ್ತಾರೆ. 65 ದಾಟಿದವರಿಗೆ ಸರ್ಕಾರ ಕೊಡುವ ಮೆಡಿಕೇರ್ ಯೋಜನೆ ಕೂಡ, ಅದರ ಮೂಲ ರೂಪದಲ್ಲಿ, ಹಲ್ಲು ತುಂಬಿಸುವುದಕ್ಕೂ ದಿನಬಳಕೆಯ ಕನ್ನಡಕಕ್ಕೂ ದುಡ್ಡು ಕೊಡುವುದಿಲ್ಲ. ಕೆಲಸ ಕೊಟ್ಟವರು ಮಾಡಿಸುವ ಇನ್ಶೂರೆನ್ಸಿನಲ್ಲೂ ಇವೆರಡಕ್ಕೆ ಬೇರೆ ಬೇರೆ ಪಾಲಿಸಿ. ಹಾಗಾಗಿ ಎಲ್ಲೂ ಸಲ್ಲದ ಹಲ್ಲು, ಎಲ್ಲೂ ಸಲ್ಲದ ಕಣ್ಣು ಇಲ್ಲಿಗೆ ಬರುತ್ತವೆ.

ಮುಂದಿನ ಕಟ್ಟೆ ಬಿ.ಪಿ.ಯದು. ಅಲ್ಲಿ ನಿಮಗೆ ಟ್ರಕ್ಕಿನಾತ ಮತ್ತೆ ಸಿಗುತ್ತಾನೆ. ನರ್ಸ್ ಪಟ್ಟಿ ಸುತ್ತಿ ಗಾಳಿ ತುಂಬುತ್ತಾಳೆ, ಗಾಳಿ ಬಿಡುತ್ತ ಮುಖ ಗಂಭೀರ ಮಾಡಿಕೊಳ್ಳುತ್ತಾಳೆ. ಇನ್ನೊಂದು ತೋಳಿನಲ್ಲಿ ಮತ್ತೆ ನೋಡುತ್ತಾಳೆ. 208ಕ್ಕೆ 118.

“ಸರ್, ಬಿ.ಪಿ. ಮಾತ್ರೆ ತಗೋತಿದ್ದೀರಾ?”

“ತಗೋತಿದ್ದೆ.”

“ಯಾವಾಗ ಬಿಟ್ರಿ?”

“ಚೀಟಿ ಮುಗಿದಾಗ.”

ಇದನ್ನು ಸ್ವಲ್ಪ ನಿಂತು ಕೇಳಿಸಿಕೊಳ್ಳಿ. ಅವನು ಹೇಳುವ ಮಾತ್ರೆ ಅಮೆರಿಕದಲ್ಲೂ ಅಗ್ಗವೇ. ತಿಂಗಳಿಗೆ ಕೆಲವೇ ಡಾಲರು. ಆದರೆ ಚೀಟಿ ಹೊಸದಾಗಿ ಬರೆಸಲು ಡಾಕ್ಟರನ್ನು ಕಾಣಬೇಕು, ಅವರು ರಕ್ತ ಪರೀಕ್ಷೆ ಹೇಳುತ್ತಾರೆ, ಎರಡಕ್ಕೂ ಕೈಯಿಂದ ಕಟ್ಟಬೇಕು. ಅವನು ಮನೆಗಳ ಸೂರು ರಿಪೇರಿ ಮಾಡುವವನು. ಮಳೆ ಬಂದ ದಿನ ಕೂಲಿ ಇಲ್ಲ.

ಟೆನ್ನೆಸಿಯಲ್ಲಿ ಬಡವರಿಗಾಗಿ ಇರುವ ಸರ್ಕಾರಿ ಯೋಜನೆಯ ಹೆಸರು ಟೆನ್‌ಕೇರ್. ಒಂದು ಕಾಲಕ್ಕೆ ಅದು ಇಡೀ ದೇಶದಲ್ಲೇ ಉದಾರವಾದ ಯೋಜನೆಗಳಲ್ಲಿ ಒಂದಾಗಿತ್ತು. 2005ರಲ್ಲಿ ಖರ್ಚು ಹೆಚ್ಚಾಯಿತೆಂದು ಸುಮಾರು 1,70,000 ವಯಸ್ಕರನ್ನು ಅದರಿಂದ ಕೈಬಿಟ್ಟರು. ಆಗ ಹೊರಬಿದ್ದವರಲ್ಲಿ ತಾನೂ ಒಬ್ಬ ಎನ್ನುತ್ತಾನೆ ಈತ. 2010ರಲ್ಲಿ ಒಬಾಮಾ ಕಾಲದ ಆರೋಗ್ಯ ಕಾನೂನು ಬಂತು. ತೀರ ಬಡವರೆಲ್ಲ ಸರ್ಕಾರಿ ಮೆಡಿಕೇಡ್‌ಗೆ (ಟೆನ್‌ಕೇರ್ ಎಂಬುದು ಅದಕ್ಕೇ ಟೆನ್ನೆಸಿಯಲ್ಲಿರುವ ಹೆಸರು) ಸೇರುತ್ತಾರೆ, ಅವರಿಗಿಂತ ಸ್ವಲ್ಪ ಮೇಲಿದ್ದವರಿಗೆ ಇನ್ಶೂರೆನ್ಸ್ ಕೊಳ್ಳಲು ಸಹಾಯಧನ ಎಂಬುದು ಅದರ ಲೆಕ್ಕಾಚಾರ. 2012ರಲ್ಲಿ ಸುಪ್ರೀಂ ಕೋರ್ಟು, ಮೆಡಿಕೇಡ್ ಹಿಗ್ಗಿಸುವುದು ಬಿಡುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು ಎಂದಿತು. ಟೆನ್ನೆಸಿ ಹಿಗ್ಗಿಸಲಿಲ್ಲ. ಪರಿಣಾಮ ಹೀಗೆ: ಒಂಟಿ ಮನುಷ್ಯನ ಬಡತನ ರೇಖೆ 2025ರಲ್ಲಿ ವರ್ಷಕ್ಕೆ 15,650 ಡಾಲರು. ಅದಕ್ಕಿಂತ ಮೇಲೆ ದುಡಿದರೆ ಸಹಾಯಧನ ಸಿಗುತ್ತದೆ. ಕೆಳಗಿದ್ದು, ಅಂಗವೈಕಲ್ಯವಿಲ್ಲದೆ, ಸಾಕಲು ಮಕ್ಕಳೂ ಇಲ್ಲದವರಾದರೆ ಏನೂ ಇಲ್ಲ. ಹೆಚ್ಚು ಬಡವನಾದಷ್ಟೂ ಬಾಗಿಲು ಮುಚ್ಚುವ ಈ ಲೆಕ್ಕವನ್ನು ಎಷ್ಟು ಸಲ ಓದಿದರೂ ನನಗೆ ಸಮಾಧಾನವಾಗಿಲ್ಲ.

ಹಲ್ಲುನೋವು ತಡೆಯಲಾರದೆ ಈತ ಒಮ್ಮೆ ಆಸ್ಪತ್ರೆಯ ಎಮರ್ಜೆನ್ಸಿಗೂ ಹೋಗಿದ್ದ. 1986ರ ಕಾನೂನಿನ ಪ್ರಕಾರ ಎಮರ್ಜೆನ್ಸಿಗೆ ಬಂದವರನ್ನು ದುಡ್ಡಿಲ್ಲವೆಂದು ವಾಪಸ್ ಕಳಿಸುವಂತಿಲ್ಲ. ನೋಡಿ, ಜೀವಕ್ಕೆ ಅಪಾಯವಿಲ್ಲದ ಸ್ಥಿತಿಗೆ ತರಬೇಕು. ಅಷ್ಟು ಮಾತ್ರ. ಅಲ್ಲಿ ಹಲ್ಲು ಕೀಳುವವರು ಇರಲಿಲ್ಲ. ಆ್ಯಂಟಿಬಯಾಟಿಕ್ ಕೊಟ್ಟರು, ನೋವಿನ ಮಾತ್ರೆ ಕೊಟ್ಟರು, ಹಲ್ಲಿನ ಡಾಕ್ಟರನ್ನು ಕಾಣಿ ಎಂದು ಬರೆದು ಕಳಿಸಿದರು. ಬಾವು ಇಳಿಯಿತು, ಬಿಲ್ಲು ಮನೆಗೆ ಬಂತು, ಬಾವು ಮತ್ತೆ ಬಂತು.

“ಈ ಬಿ.ಪಿ.ಗೆ ಹಲ್ಲು ಕೀಳೋ ಹಾಗಿಲ್ಲ ಸರ್,” ಎನ್ನುತ್ತಾಳೆ ನರ್ಸ್. ಇಷ್ಟು ಹೊತ್ತು ನೆಟ್ಟಗೆ ಕೂತಿದ್ದ ಮನುಷ್ಯ ಕುಸಿಯುವುದು ನಿಮಗೆ ಕಾಣುತ್ತದೆ. ಒಸಡು ಮರಗಟ್ಟಿಸುವ ಇಂಜೆಕ್ಷನ್ನಿನಲ್ಲಿ ಅಡ್ರಿನಲಿನ್ ಇರುತ್ತದೆ, ಬಿ.ಪಿ. ಇನ್ನೂ ಏರಬಹುದು, ಕಿತ್ತ ಜಾಗದಲ್ಲಿ ರಕ್ತ ನಿಲ್ಲದಿರಬಹುದು, ಪಾರ್ಶ್ವವಾಯು ಹೊಡೆಯಬಹುದು. ಅವಳು ಎಲ್ಲವನ್ನೂ ಬಿಡಿಸಿ ಹೇಳುತ್ತಾಳೆ. “ಕಾರ್ಡು ವಾಪಸ್ ಕೊಡಬೇಡಿ. ಬನ್ನಿ ನನ್ನ ಜೊತೆ,” ಎಂದು ಅವಳೇ ಅವನನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತಾಳೆ.

ಅವನು ಕಾಯುತ್ತಿರಲಿ. ನೀವು ಹಲ್ಲಿನ ಅಂಕಣಕ್ಕೆ ಬನ್ನಿ.

ನೆಲಕ್ಕೆಲ್ಲ ಪ್ಲಾಸ್ಟಿಕ್ ಹಾಸಿದ್ದಾರೆ. ಮಡಚಿ ಟ್ರಕ್ಕಿಗೆ ಏರಿಸಬಹುದಾದ ಕುರ್ಚಿಗಳು ಒಂದರ ಪಕ್ಕ ಒಂದು, ನಡುವೆ ಪರದೆ ಇಲ್ಲ. ಒಬ್ಬರ ಬಾಯೊಳಗಿನ ಡ್ರಿಲ್ಲಿನ ಸದ್ದು ಪಕ್ಕದವರ ಕಿವಿಗೆ. ಕಂಪ್ರೆಸರ್‌ಗಳು ಒಂದೇ ಸಮನೆ ಗುಂಯ್‌ಗುಡುತ್ತಿವೆ. ಎಕ್ಸ್‌ರೇ ತೆಗೆಯುವ ಹುಡುಗ ಕ್ಯಾಮೆರಾದಷ್ಟು ಚಿಕ್ಕ ಯಂತ್ರವನ್ನು ಕೈಯಲ್ಲಿ ಹಿಡಿದು ಕುರ್ಚಿಯಿಂದ ಕುರ್ಚಿಗೆ ಓಡಾಡುತ್ತಾನೆ. ಹಣೆಗೆ ದೀಪ ಕಟ್ಟಿಕೊಂಡ ದಂತವೈದ್ಯೆ ತನ್ನ ಕ್ಲಿನಿಕ್ಕು ಮುಚ್ಚಿ ಇನ್ನೊಂದು ರಾಜ್ಯದಿಂದ ಬಂದವಳು. ಹೀಗೆ ಗಡಿ ದಾಟಿ ಬಂದು ಪುಕ್ಕಟೆ ನೋಡುವುದಕ್ಕೂ ಕಾನೂನು ಬೇಕಾಯಿತು. ಅಮೆರಿಕದಲ್ಲಿ ಡಾಕ್ಟರ ಲೈಸೆನ್ಸು ರಾಜ್ಯ ರಾಜ್ಯಕ್ಕೆ ಬೇರೆ. ಬೇರೆ ರಾಜ್ಯದ ಲೈಸೆನ್ಸಿನವರು ಇಲ್ಲಿ ಬಂದು ಉಚಿತವಾಗಿ ಚಿಕಿತ್ಸೆ ಕೊಡಬಹುದೆಂದು ಟೆನ್ನೆಸಿ 1995ರಲ್ಲಿ ಕಾಯ್ದೆ ಮಾಡಿತು. ಅದರ ಹಿಂದೆ ಬ್ರಾಕ್ ಪಟ್ಟ ಶ್ರಮವಿದೆ. ಮೆಡಿಕೇಡ್ ಹಿಗ್ಗಿಸದ ರಾಜ್ಯವೇ ಈ ಬಾಗಿಲನ್ನು ಎಲ್ಲರಿಗಿಂತ ಮುಂಚೆ ತೆರೆದದ್ದು ಎಂಬುದನ್ನೂ ಹೇಳಬೇಕು.

ಆ ದಂತವೈದ್ಯೆಯ ಕುರ್ಚಿಯಲ್ಲಿ ಇಪ್ಪತ್ತೈದು ದಾಟದ ಹುಡುಗ. ಮೇಲಿನ ಮುಂಹಲ್ಲು ನಾಲ್ಕೂ ಬುಡದವರೆಗೆ ಕಪ್ಪಾಗಿವೆ. “ಬೇರಿನ ಚಿಕಿತ್ಸೆ ಮಾಡಿ ಉಳಿಸ್ಕೋಬಹುದಿತ್ತು,” ಎಂದು ಅವಳು ಪಕ್ಕದ ವಿದ್ಯಾರ್ಥಿಗೆ ಮೆಲ್ಲನೆ ಹೇಳುತ್ತಾಳೆ. ಅದಕ್ಕೆ ಹಲವು ಭೇಟಿ ಬೇಕು, ಮೇಲೆ ಕ್ಯಾಪು ಕೂರಿಸಬೇಕು. ಎರಡು ದಿನದ ಶಿಬಿರದಲ್ಲಿ ಆಗದ ಕೆಲಸ. “ತೆಗೀಲಾ?” ಎಂದು ಹುಡುಗನನ್ನು ಕೇಳುತ್ತಾಳೆ. ಅವನು ತಲೆಯಾಡಿಸುತ್ತಾನೆ. ಸಪೂರ ಉಪಕರಣವನ್ನು ಹಲ್ಲು ಒಸಡಿನ ನಡುವೆ ತೂರಿಸಿ ಮಣಿಕಟ್ಟು ತಿರುಗಿಸುತ್ತಾಳೆ. ಎಳೆಯುವುದಿಲ್ಲ, ಸಡಿಲಿಸುತ್ತಾಳೆ, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಆಮೇಲೆ ಇಕ್ಕಳ. ಲೋಹದ ತಟ್ಟೆಗೆ ಹಲ್ಲು ಬಿದ್ದಾಗ ಟಣ್ ಎನ್ನುತ್ತದೆ. ನಾಲ್ಕು ಸಲ ಆ ಸದ್ದಾಗುತ್ತದೆ. ಅವನ ಬಾಯಿಗೆ ಅರಿವೆ ಮಡಚಿ ಕಚ್ಚಿಸಿ, “ನೋವು ಕೊಟ್ಟೆನಾ?” ಎಂದು ಕೇಳುತ್ತಾಳೆ. ಇಲ್ಲವೆಂದು ಕೈಯಾಡಿಸಿ, ಎದ್ದು ಅವಳನ್ನು ಅಪ್ಪಿಕೊಳ್ಳುತ್ತಾನೆ. ನೋವು ಹೋಯಿತು, ನಿಜ. ಮುಂಹಲ್ಲಿಲ್ಲದ ಹುಡುಗನನ್ನು ಅಂಗಡಿಯ ಕೌಂಟರಿನಲ್ಲಿ ನಿಲ್ಲಿಸುವವರು ಯಾರು ಎಂಬುದು ಅವನು ಆಚೆ ಹೋದ ಮೇಲೆ ನಿಮ್ಮ ತಲೆಗೆ ಬರುತ್ತದೆ.

ಕನ್ನಡ ನಾಡಿನ ಹಿರಿಯರಿಗೆ ಇದನ್ನು ನೋಡಿದರೆ ಡಾ. ಎಂ. ಸಿ. ಮೋದಿಯವರ ಕಣ್ಣಿನ ಶಿಬಿರಗಳು ನೆನಪಾಗುತ್ತವೆ. ಶಾಲೆಯೋ ಛತ್ರವೋ ಆಪರೇಷನ್ ಥಿಯೇಟರಾಗುತ್ತಿದ್ದುದು, ಹಳ್ಳಿಗಳಿಂದ ಬಂದವರು ಸಾಲಾಗಿ ಮಲಗಿರುತ್ತಿದ್ದುದು, ಪೊರೆ ತೆಗೆದ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಯವರ ಕೈ ಹಿಡಿದು ನಡೆಯುತ್ತಿದ್ದುದು. ಅಲ್ಲಿ ಡಾಕ್ಟರು ಹಳ್ಳಿಗೆ ಹೋಗಬೇಕಾಗಿತ್ತು, ಏಕೆಂದರೆ ಹಳ್ಳಿಯ ಸುತ್ತಮುತ್ತ ಕಣ್ಣಿನ ಡಾಕ್ಟರೇ ಇರಲಿಲ್ಲ. ಇಲ್ಲಿ? ಇದೇ ಊರಿನಲ್ಲಿ, ನದಿಯ ಆಚೆ ದಡದಲ್ಲಿ, ಟೆನ್ನೆಸಿ ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆಯಿದೆ. ದಂತವೈದ್ಯರ ಬೋರ್ಡುಗಳು ರಸ್ತೆ ರಸ್ತೆಯಲ್ಲಿವೆ. ಗಯಾನಾದಲ್ಲಿ ಬ್ರಾಕ್‌ಗೂ ಡಾಕ್ಟರಿಗೂ ನಡುವೆ ಇದ್ದದ್ದು 26 ದಿನದ ಕಾಡು. ಇಲ್ಲಿ ಕಾರಿನಲ್ಲಿ ಹತ್ತು ಹದಿನೈದು ನಿಮಿಷ ಮತ್ತು ಒಂದು ಬಿಲ್ಲು. ಆ ಬಿಲ್ಲು ಕಾಡಿಗಿಂತ ದಟ್ಟ. ಕಾಡಾದರೆ ನಡೆದು ದಾಟಬಹುದಿತ್ತು.

ಕಣ್ಣಿನ ಕಡೆ ಸದ್ದು ಕಡಿಮೆ. ಹನಿ ಹಾಕಿಸಿಕೊಂಡವರು ಮುಖವೆತ್ತಿ, ಕಣ್ಣು ಮುಚ್ಚಿ ಕುರ್ಚಿಗಳಲ್ಲಿ ಕೂತಿದ್ದಾರೆ. ಉದ್ದ ಮೇಜಿನ ಮೇಲೆ ಫ್ರೇಮುಗಳ ರಾಶಿ. ಹೊರಗೆ ನಿಂತ ಟ್ರೇಲರಿನಲ್ಲಿ ಲೆನ್ಸ್ ಉಜ್ಜುವ ಯಂತ್ರಗಳು ಓಡುತ್ತಿವೆ. ಪರೀಕ್ಷೆಯಾದ ದಿನವೇ ಕನ್ನಡಕ ಕೈಗೆ. ವೃದ್ಧರನ್ನು ನೋಡಿಕೊಳ್ಳುವಾಕೆ ಎರಡು ಫ್ರೇಮು ಹಿಡಿದು ಯಾವುದು ಚೆನ್ನ ಎಂದು ಪಕ್ಕದವಳನ್ನು ಕೇಳುತ್ತಿದ್ದಾಳೆ. ಕೆಂಪಂಚಿನದು ಎಂಬ ತೀರ್ಮಾನವಾಗುತ್ತದೆ. ಪುಕ್ಕಟೆ ಸಿಗುವುದಾದರೂ ಚೆಂದದ್ದನ್ನು ಆರಿಸುವ ಹಕ್ಕು ಅವಳಿಗಿದೆ ಎಂದು ಈ ಮೇಜನ್ನು ಸಜ್ಜುಗೊಳಿಸಿದವರಿಗೆ ಗೊತ್ತಿತ್ತು. ಅವರಿಗೆ ನನ್ನ ನಮಸ್ಕಾರ.

ಇಷ್ಟೆಲ್ಲ ಮಾಡಿದರೂ ಸಾಲು ಮುಗಿಯುವ ಮೊದಲು ಕುರ್ಚಿ ಮುಗಿಯುತ್ತವೆ. 2008ರಲ್ಲಿ ಇದೇ ನಾಕ್ಸ್‌ವಿಲ್‌ನ ಶಿಬಿರವನ್ನು ಸಿಬಿಎಸ್ ಟಿವಿಯ ‘60 ಮಿನಿಟ್ಸ್’ ತೋರಿಸಿತು. ಆ ವಾರಾಂತ್ಯ ಚಿಕಿತ್ಸೆ ಪಡೆದವರು 920 ಮಂದಿ, ಕಿತ್ತ ಹಲ್ಲು 1,066. ಕೊನೆಯ ಸಂಖ್ಯೆ ಕೂಗಿದಾಗ ಬಾಗಿಲಾಚೆ ಉಳಿದಿದ್ದವರು ಸುಮಾರು 400. ಅದನ್ನು ನೋಡಿ ದೇಶ ಮರುಗಿತು, ದೇಣಿಗೆ ಹರಿದುಬಂತು, ಶಿಬಿರಗಳು ಹೆಚ್ಚಿದವು. ಇದು ಸಣ್ಣ ಮಾತಲ್ಲ. ಆದರೆ ಒಂದೇ ಕಾನೂನಿನಿಂದ ಲಕ್ಷಗಟ್ಟಲೆ ಜನ ಒಳಗೆ ಬರಬಹುದಾದ ಕಡೆ, ಶನಿವಾರ ಭಾನುವಾರ ಬಿಡುವು ಮಾಡಿಕೊಂಡ ದಂತವೈದ್ಯರ ಮಣಿಕಟ್ಟಿನ ಮೇಲೆ ಇಷ್ಟು ಭಾರ ಹೊರಿಸುವುದು ನ್ಯಾಯವಲ್ಲ ಎಂಬುದೇ ನನ್ನ ನಿಲುವು. ಪಕ್ಕದ ವರ್ಜೀನಿಯಾ 2018ರಲ್ಲಿ ಮನಸ್ಸು ಮಾಡಿತು. 2019ರ ಜನವರಿಯಿಂದ ಅಲ್ಲಿನ ಬಡ ವಯಸ್ಕರಿಗೆ ಮೆಡಿಕೇಡ್ ತೆರೆಯಿತು. ಗಡಿಯ ಈಚೆ ಇನ್ನೂ ಇಲ್ಲ.

ಮಧ್ಯಾಹ್ನ. ಡಾಕ್ಟರು ಕೊಟ್ಟ ಮಾತ್ರೆ ಕೆಲಸ ಮಾಡಿದೆ. ಸೂರಿನ ಕೆಲಸದವನ ಬಿ.ಪಿ. ಮೂರನೆಯ ಸಲ ನೋಡಿದಾಗ 170ಕ್ಕೆ 98. ಹಲ್ಲಿನ ಡಾಕ್ಟರು, ಬಿ.ಪಿ.ಯ ಡಾಕ್ಟರು ಇಬ್ಬರೂ ನಿಂತುಕೊಂಡೇ ಮಾತಾಡಿ, ಬಾವು ಬಂದ ಒಂದು ಹಲ್ಲನ್ನು ಮಾತ್ರ ತೆಗೆಯಲು ಒಪ್ಪಿದ್ದಾರೆ. ತೆಗೆದಾಯಿತು. ಈಗ ಅವನು ಬಾಯಲ್ಲಿ ಅರಿವೆ ಕಚ್ಚಿಕೊಂಡು ಬಾಗಿಲ ಪಕ್ಕದ ಕೊನೆಯ ಮೇಜಿನ ಮುಂದೆ ಕೂತಿದ್ದಾನೆ. ಈ ಮೇಜು ನಾಳೆಯ ಚಿಂತೆಗಾಗಿ ಇರುವುದು. ಶಿಬಿರ ಬರುತ್ತದೆ, ಹೋಗುತ್ತದೆ, ಬಿ.ಪಿ., ಸಕ್ಕರೆ ಕಾಯಿಲೆಗಳು ಇಲ್ಲೇ ಇರುತ್ತವೆ. ಅವನ್ನು ನೋಡಿಕೊಳ್ಳಲು ದೇಶದಲ್ಲಿ ಸುಮಾರು 1,400 ಉಚಿತ, ಧರ್ಮಾರ್ಥ ಕ್ಲಿನಿಕ್ಕುಗಳಿವೆ. ಸರ್ಕಾರದ ದುಡ್ಡಿಗಿಂತ ಊರವರ ದೇಣಿಗೆ, ನಿವೃತ್ತ ಡಾಕ್ಟರು, ಚರ್ಚಿನ ಕೋಣೆ, ಔಷಧಿ ಕಂಪನಿಗಳ ದಾನ ಇವುಗಳ ಮೇಲೆ ನಡೆಯುವಂಥವು. ಇಲ್ಲಿಂದ ಅರ್ಧ ಗಂಟೆಯ ದಾರಿಯ ಓಕ್ ರಿಡ್ಜ್‌ನಲ್ಲಿ ಅಂಥದೊಂದಿದೆ. ಇನ್ಶೂರೆನ್ಸ್ ಇಲ್ಲದ, ಕಡಿಮೆ ಆದಾಯದ ವಯಸ್ಕರಿಗಾಗಿಯೇ ನಡೆಯುವುದು.

ಮೇಜಿನ ಹಿಂದಿನ ಹೆಂಗಸು ಕನ್ನಡಕ ಏರಿಸಿ ಫಾರ್ಮು ತುಂಬುತ್ತಾಳೆ. “ಯಾವ ಕೌಂಟಿಯವರು ಸರ್?” ಅವನು ಹೇಳುತ್ತಾನೆ, ಅರಿವೆಯಿಂದಾಗಿ ಎರಡನೆಯ ಸಲ ಹೇಳಬೇಕಾಗುತ್ತದೆ. ನಿಮ್ಮ ಕೌಂಟಿಯವರನ್ನು ತೆಗೆದುಕೊಳ್ಳುವ ಕ್ಲಿನಿಕ್ಕು ಯಾವುದು ನೋಡುತ್ತೇನೆ ಎಂದು ಅವಳು ಪಟ್ಟಿಯ ಮೇಲೆ ಬೆರಳಾಡಿಸುತ್ತಾಳೆ, ಒಂದು ಕಡೆ ನಿಲ್ಲಿಸುತ್ತಾಳೆ.

“ಸಿಕ್ಕಿತು. ಮೂವತ್ತು ದಿನದ ಮಾತ್ರೆ ಇಲ್ಲೇ ಕೊಟ್ಟಿದ್ದಾರಲ್ವಾ? ಅದು ಮುಗಿಯೋದ್ರೊಳಗೆ ಇವರನ್ನ ಕಾಣ್ಬೇಕು. ಸೋಮವಾರ ನಾನೇ ಫೋನ್ ಮಾಡಿ ದಿನ ಗೊತ್ತು ಮಾಡ್ತೀನಿ. ನಿಮ್ಮ ನಂಬರು?”

“ನನ್ನ ಫೋನು ಕಟ್ ಆಗಿದೆ. ಶುಕ್ರವಾರ ಕೂಲಿ ಬಂದ್ಮೇಲೆ ಕಟ್ತೀನಿ,” ಎಂದು ಅವನು ಅರಿವೆಯನ್ನು ನಾಲಿಗೆಯಿಂದ ಪಕ್ಕಕ್ಕೆ ಸರಿಸಿ ಹೇಳುತ್ತಾನೆ. “ಅತ್ತಿಗೆ ನಂಬರು ಬರ್ಕೊಳ್ಳಿ. ಸಂಜೆ ಆರರ ಮೇಲೆ ಮಾಡಿ, ಅವಳಿಗೂ ಕೆಲಸ ಇರುತ್ತೆ.”

ಅವಳು ಬರೆದುಕೊಂಡು, ಅಂಕಿಗಳನ್ನು ಒಂದೊಂದಾಗಿ ಓದಿ ಹೇಳುತ್ತಾಳೆ. ಸರಿಯಿದೆ ಎಂದು ಅವನು ತಲೆಯಾಡಿಸುತ್ತಾನೆ.